ಮಣ್ಣಿನ ಲೆಕ್ಕಕ್ಕೆ ಸೇರದ ವಿಷ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ನಿವಾಸಿಗಳಾದ ನಾವು ಬಳಸಿ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವುದು ವಿರಳ. ಅದು ವೃಷಭಾವತಿಯನ್ನು ಸೇರಿ, ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಕೆಂಗೇರಿ ದಾಟಿ, ಬಿಡದಿ ಸಮೀಪದ ಬೈರಮಂಗಲ ಕೆರೆಯ ಕಡೆಗೆ ಸಾಗುತ್ತದೆ. ಆ ಭಾಗದ ರೈತರು ಭತ್ತ, ಮುಸುಕಿನ ಜೋಳ, ಹಿಪ್ಪುನೇರಳೆ, ಮೇವಿನ ಹುಲ್ಲು ಬೆಳೆದಿರುವುದು ಈ ನೀರಿನಲ್ಲಿಯೇ.

ಇದು ಬರಿಯ ಮನೆಬಳಕೆಯ ಕೊಳಚೆಯಾಗಿದ್ದರೆ ಚಿಂತೆ ಇಷ್ಟಿರುತ್ತಿರಲಿಲ್ಲ. ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯಗಳ ಸಣ್ಣ ಕೈಗಾರಿಕೆಗಳ ನೀರೂ ಈ ಕಣಿವೆಗೆ ಇಳಿಯುತ್ತದೆ. ಎಲೆಕ್ಟ್ರೋಪ್ಲೇಟಿಂಗ್ ಕೆಲಸಕ್ಕೆ ಕ್ರೋಮಿಯಂ, ನಿಕ್ಕಲ್, ಸತು ಬೇಕು. ಕೊಳಚೆ ಸಂಸ್ಕರಣಾ ಘಟಕಗಳಾದರೋ ಮುಖ್ಯವಾಗಿ ಸಾವಯವ ಕಲ್ಮಶವನ್ನು ಸೂಕ್ಷ್ಮಜೀವಿಗಳಿಂದ ಕರಗಿಸಲು ರೂಪುಗೊಂಡವು. ಲೋಹವನ್ನು ಯಾವ ಜೀವಿಯೂ ಜೀರ್ಣಿಸಿಕೊಳ್ಳಲಾರದು. ಅದರ ಒಂದು ಪಾಲು ಘಟಕದ ಕೆಸರಿನಲ್ಲಿ ನಿಂತರೆ, ಉಳಿದದ್ದು ನೀರಿನೊಡನೆ ಹೊಲ ಸೇರುತ್ತದೆ. ವೃಷಭಾವತಿ ನೀರುಂಡ ಮಣ್ಣು ಹಾಗೂ ಬೆಳೆಗಳಲ್ಲಿ ಭಾರಲೋಹಗಳಿರುವುದನ್ನು ಸಂಶೋಧಕರು ಹಲವು ಬಾರಿ ದಾಖಲಿಸಿದ್ದಾರೆ.

ಇಂಥ ಮಣ್ಣಿನಲ್ಲಿ ಮೊದಲು ಪೆಟ್ಟು ಬೀಳುವುದು ಬೇರಿಗೆ. ಕ್ಯಾಡ್ಮಿಯಂ, ಕ್ರೋಮಿಯಂ ಹೆಚ್ಚಾದಲ್ಲಿ ಬೇರು ಕುಂಠಿತವಾಗಿ ಪೋಷಕಾಂಶ ಹೀರುವ ಶಕ್ತಿ ಕುಗ್ಗುತ್ತದೆ. ಎಲೆ ಹಳದಿಗಟ್ಟುತ್ತದೆ, ಭತ್ತದಲ್ಲಿ ತೆಂಡೆಗಳು ಕಡಿಮೆಯಾಗುತ್ತವೆ, ಇಳುವರಿ ಇಳಿಯುತ್ತದೆ. ಆದರೆ ಕೊಳಚೆ ನೀರಿನಲ್ಲಿ ಸಾರಜನಕ, ರಂಜಕಗಳು ಹೇರಳವಾಗಿರುವುದರಿಂದ ಪೈರು ಎಷ್ಟೋ ಬಾರಿ ಹುಲುಸಾಗಿಯೇ ಕಾಣುತ್ತದೆ. ಅಪಾಯವಿರುವುದು ಈ ಹಸಿರಿನಲ್ಲಿಯೇ. ಸೀಸ ಬಹುಪಾಲು ಬೇರಿನಲ್ಲಿ ಉಳಿಯುತ್ತದೆ, ಕ್ಯಾಡ್ಮಿಯಂ ಹಾಗಲ್ಲ. ಪೈರಿಗೆ ಆದ ಹಾನಿ ಕಣ್ಣಿಗೆ ಕಾಣುವ ಮುನ್ನವೇ ಅದು ಕಾಳಿನಲ್ಲಿ ಸೇರಬಲ್ಲದು. ಕೋಡೆಕ್ಸ್ ಅಂತರರಾಷ್ಟ್ರೀಯ ಮಾನದಂಡದಂತೆ ಒಂದು ಕಿಲೋ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಡ್ಮಿಯಂ 0.4 ಮಿಲಿಗ್ರಾಂ ಮೀರಬಾರದು. ಇಷ್ಟು ಅಲ್ಪ ಪ್ರಮಾಣವನ್ನು ನಾಲಿಗೆಯಾಗಲಿ ಕಣ್ಣಾಗಲಿ ಗುರುತಿಸಲಾರದು.

ಜಪಾನಿನ ಜಿಂಜು ನದಿ ಬಯಲಿನಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ಗದ್ದೆಗಳನ್ನು ಸೇರಿ, ಮೂಳೆ ಮುರಿಯುವ 'ಇತಾಯ್-ಇತಾಯ್' ರೋಗ ತಂದಿತು. ಅಲ್ಲಿನ ಸರ್ಕಾರ 1968ರಲ್ಲಿ ಅದನ್ನು ಮಾಲಿನ್ಯಜನ್ಯ ರೋಗವೆಂದು ಒಪ್ಪಿಕೊಂಡಿತು. ಆ ಮಣ್ಣನ್ನು ಸರಿಪಡಿಸುವ ಕಾರ್ಯ ಮುಗಿದದ್ದು 2012ರಲ್ಲಿ. ಬೈರಮಂಗಲದ ಸ್ಥಿತಿ ಜಿಂಜುವಿನದೇ ಎಂದು ನಾನು ಹೇಳುತ್ತಿಲ್ಲ. ಕೆಟ್ಟ ಮಣ್ಣಿನ ದುರಸ್ತಿಗೆ ಒಂದು ತಲೆಮಾರು ಹಿಡಿಯುತ್ತದೆ ಎಂಬುದಷ್ಟೇ ಪಾಠ.

ಒಬ್ಬನ ಉತ್ಪಾದನೆಯ ವೆಚ್ಚ ಇನ್ನೊಬ್ಬನ ತಲೆಗೆ ಬೀಳುವುದನ್ನು ಅರ್ಥಶಾಸ್ತ್ರಜ್ಞ ಪಿಗೂ 1920ರಷ್ಟು ಹಿಂದೆಯೇ ವಿವೇಚಿಸಿದ್ದರು. ನಗರ ಉಳಿಸಿದ ಸಂಸ್ಕರಣಾ ವೆಚ್ಚವನ್ನು ಬಿಡದಿಯ ರೈತ ತನ್ನ ಮಣ್ಣಿನಿಂದ ಭರಿಸುತ್ತಿದ್ದಾನೆ. ಇದು ಯಾವ ಆಯವ್ಯಯದಲ್ಲೂ ಕಾಣಿಸದ ಸಾಲ.

ಆಡಳಿತದಲ್ಲಿ ಕಳೆದ ವರ್ಷಗಳು ನನಗೆ ಕಲಿಸಿದ್ದೊಂದಿದೆ: ನಮೂನೆಯಲ್ಲಿ ಕಲಂ ಇಲ್ಲದ ಸಮಸ್ಯೆ ಕಡತದಲ್ಲಿ ಹುಟ್ಟುವುದೇ ಇಲ್ಲ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆ 12 ಅಂಶಗಳ ಪರೀಕ್ಷೆಯನ್ನು ನಿಗದಿಪಡಿಸಿತು. ಸಾರಜನಕದಿಂದ ಬೋರಾನ್‌ವರೆಗೆ ಅದರಲ್ಲಿ ಬೇಕಾದಷ್ಟಿದೆ. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕ್ಕಲ್ ಮಾತ್ರ ಇಲ್ಲ. ನೆಲ ವಿಷವಾಗಿದ್ದರೂ ಚೀಟಿ ಅದನ್ನು ಹೇಳದು.

ಎಲ್ಲ ಜಿಲ್ಲೆಗಳಿಗೂ ಈ ಪರೀಕ್ಷೆ ಬೇಕಿಲ್ಲ. ಕೊಳಚೆ ನೀರು ಹರಿಯುವ ಪ್ರದೇಶದಲ್ಲಿ ಈ ನಾಲ್ಕು ಲೋಹಗಳಿಗಾಗಿ ಮಣ್ಣನ್ನೂ ಕಾಳನ್ನೂ ಸರ್ಕಾರಿ ವೆಚ್ಚದಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ರೈತನ ಕೈಗೆ ಕೊಡಲಿ. ಹುಳಿ ಮಣ್ಣಿದ್ದಲ್ಲಿ ಸುಣ್ಣ ಹಾಕಿದರೆ ಪೈರು ಹೀರುವ ಕ್ಯಾಡ್ಮಿಯಂ ತಗ್ಗುತ್ತದೆ. ಮಿತಿ ಮೀರಿದಲ್ಲಿ ಆಹಾರೇತರ ಬೆಳೆಗೆ ಹೊರಳಲು ನೆರವು ಬೇಕು. ಸಣ್ಣ ಲೇಪನ ಘಟಕಗಳ ನೀರನ್ನು ಒಳಚರಂಡಿಗೆ ಬಿಡುವ ಮುನ್ನವೇ ಸಾಮೂಹಿಕ ಘಟಕದಲ್ಲಿ ಶುದ್ಧಿಗೊಳಿಸಬೇಕು.

ವೃಷಭಾವತಿ ಕಣಿವೆಯ ನೀರನ್ನು ಸಂಸ್ಕರಿಸಿ ದೂರದ ಕೆರೆಗಳಿಗೂ ಏತದ ಮೂಲಕ ಹರಿಸುವ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡಿದೆ. ನೀರಿಲ್ಲದ ಊರಿಗೆ ನೀರು ಕೊಡುವುದು ತಪ್ಪಲ್ಲ. ಆದರೆ ಕೊಡುವ ಮುನ್ನ ಅದರಲ್ಲಿ ಏನಿದೆ ಎಂದು ಅಳೆದು ಹೇಳುವುದು ಕೊಡುವವರ ಕರ್ತವ್ಯ.