ಒಂದೇ ಬೀಜ, ಎರಡು ಹೊಲ

ಚನ್ನಗಿರಿಗೆ ಭದ್ರಾ ನಾಲೆಯ ನೀರಿದೆ. ಹೊನ್ನಾಳಿ, ನ್ಯಾಮತಿ ಸೀಮೆಗೆ ತುಂಗಭದ್ರೆಯ ಆಸರೆ. ಜಗಳೂರಿನ ರೈತರು ಮಾತ್ರ ಹೆಚ್ಚಾಗಿ ಮುಗಿಲನ್ನೇ ನೆಚ್ಚಿಕೊಳ್ಳಬೇಕು. ದಾವಣಗೆರೆ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮೆಕ್ಕೆಜೋಳವಿದೆ. ಒಂದೇ ಚೀಲದ ಹೈಬ್ರಿಡ್ ಬೀಜವನ್ನು ಹೊನ್ನಾಳಿಯ ನೀರಾವರಿ ಹೊಲದಲ್ಲೂ ಜಗಳೂರಿನ ಖುಷ್ಕಿಯಲ್ಲೂ ಬಿತ್ತಿದರೆ ಎರಡೂ ಕಡೆ ಗಿಡಗಳ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಮಳೆ ಕೈಕೊಟ್ಟಾಗ ಅವುಗಳ ಜೀವಕೋಶಗಳ ಕೆಲಸ ಮಾತ್ರ ಬೇರೆಯಾಗುತ್ತದೆ.

ಜಗಳೂರಿನ ಗಿಡದ ಗರಿ ಮಧ್ಯಾಹ್ನದ ಬಿಸಿಲಿಗೆ ಸುರುಳಿ ಸುತ್ತಿಕೊಳ್ಳುತ್ತದೆ. ಬೆಳೆ ಬಾಡಿತೆಂದು ರೈತ ಮರುಗುವ ಆ ಹೊತ್ತಿನಲ್ಲಿ ಒಳಗೆ ಬಿರುಸಿನ ಕೆಲಸ ನಡೆದಿರುತ್ತದೆ. ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಿ ಪತ್ರರಂಧ್ರಗಳು ಮುಚ್ಚುತ್ತವೆ. ಅದೇ ಸುದ್ದಿ ಕೋಶಕೇಂದ್ರಕ್ಕೂ ಮುಟ್ಟಿ, ಸುಮ್ಮನಿದ್ದ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಅವುಗಳ ಆರ್‌ಎನ್‌ಎ ಪ್ರತಿಗಳನ್ನು ಓದಿ ರೈಬೋಸೋಮುಗಳು ಪ್ರೋಟೀನು ಕಟ್ಟುತ್ತವೆ. ಕೆಲವು ಪ್ರೋಟೀನುಗಳು ಒಣಗುತ್ತಿರುವ ಕೋಶದ ಪೊರೆಯನ್ನು ಕಾಯುತ್ತವೆ. ಇನ್ನು ಕೆಲವು, ಕಾವಿಗೆ ಆಕಾರ ಕೆಟ್ಟ ಪ್ರೋಟೀನುಗಳನ್ನು ಮತ್ತೆ ಸರಿಯಾಗಿ ಮಡಿಸುತ್ತವೆ. ದುರಸ್ತಿಯಾಗದವಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಬೀಳುತ್ತದೆ. ಪ್ರೋಟಿಯಸೋಮ್ ಅವನ್ನು ಚೂರುಚೂರು ಮಾಡುತ್ತದೆ. ಮಳೆ ಬಂದ ಮೇಲೆ ಬೇಡವಾದ ಆರ್‌ಎನ್‌ಎಯೂ ಉಳಿಯುವುದಿಲ್ಲ. ಅದು ಅಲ್ಪಾಯುಷಿಯಾಗಿರುವುದರಿಂದಲೇ ಗಿಡ ಕಾಲಕ್ಕೆ ತಕ್ಕಂತೆ ನಡೆದುಕೊಳ್ಳಬಲ್ಲದು.

ಡಿಎನ್‌ಎ ಹಾಗಲ್ಲ, ಅದು ಉಳಿಯಲೇಬೇಕು. ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಥೈಮಿನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೆರಳಿಗೆ ಸರಿಯಲಾಗದ ಗಿಡಕ್ಕೆ ಫೋಟೋಲಯೇಸ್ ಎಂಬ ಕಿಣ್ವವಿದೆ. ಅದೇ ಸೂರ್ಯನ ನೀಲಿ ಬೆಳಕಿನ ಬಲದಿಂದ ಅದು ಅಂಟು ಬಿಡಿಸುತ್ತದೆ! ಮನುಷ್ಯರಲ್ಲಿ ಈ ಕಿಣ್ವವಿಲ್ಲ. ನಮ್ಮ ಕೋಶಗಳು ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಜಾಗ ತುಂಬಬೇಕು.

ಮೆಕ್ಕೆಜೋಳಕ್ಕೆ ಅಪಾಯ ಒಳಗಿನಿಂದಲೂ ಇದೆ. ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ತೆನೆಯ ಚುಕ್ಕೆಚುಕ್ಕೆ ಕಾಳುಗಳನ್ನು ನೋಡುತ್ತಾ, ಡಿಎನ್‌ಎಯ ಕೆಲವು ತುಂಡುಗಳು ಜಾಗ ಬಿಟ್ಟು ಜಾಗಕ್ಕೆ ಜಿಗಿಯುತ್ತವೆಂದು ಕಂಡುಕೊಂಡರು. ಬಹುಕಾಲ ಹೆಚ್ಚಿನವರು ಅದಕ್ಕೆ ಕಿವಿಗೊಡಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ, ಅವರ 81ನೇ ವಯಸ್ಸಿನಲ್ಲಿ. 2009ರಲ್ಲಿ ಮೆಕ್ಕೆಜೋಳದ ಜೀನೋಮ್ ಪ್ರಕಟವಾದಾಗ ಅದರ ಸುಮಾರು ಶೇ 85 ಭಾಗ ಇಂಥ ತುಂಡುಗಳೇ ಎಂದು ಗೊತ್ತಾಯಿತು.

ಇವು ಒಳ್ಳೆಯ ಜೀನ್ ಒಳಗೆ ಹೊಕ್ಕರೆ ಅದು ಕೆಡುತ್ತದೆ. ಆದ್ದರಿಂದ ಕೋಶವು 24 ಅಕ್ಷರಗಳಷ್ಟು ಪುಟ್ಟ ಆರ್‌ಎನ್‌ಎಗಳನ್ನು ತಯಾರಿಸುತ್ತದೆ. ಅವು ತೋರಿಸಿದ ಕಡೆ ಡಿಎನ್‌ಎ ಮೇಲೆ ಮೀಥೈಲ್ ಗುರುತು ಕೂತು ಆ ತುಂಡು ಸುಮ್ಮನಾಗುತ್ತದೆ. ಡಿಎನ್‌ಎ ಹೇಳಿದ್ದನ್ನು ಹೊತ್ತೊಯ್ಯುವುದಷ್ಟೇ ಆರ್‌ಎನ್‌ಎಯ ಕೆಲಸವೆಂದು ಶಾಲೆಯಲ್ಲಿ ಕಲಿತವರಿಗೆ, ಅದೇ ಆರ್‌ಎನ್‌ಎ ಡಿಎನ್‌ಎಯ ಕಾವಲಿಗೆ ನಿಲ್ಲುವುದು ನಿಜಕ್ಕೂ ಬೆರಗಿನ ಸಂಗತಿ.

ಆದರೂ ಈ ತುಂಡುಗಳೆಲ್ಲ ಬರೀ ಕಂಟಕವಲ್ಲ. ಜೀನ್‌ಗಳ ಪಕ್ಕ ನೆಲೆನಿಂತ ಕೆಲವು, ಬಿಸಿ, ಚಳಿ, ಉಪ್ಪಿನ ಬಾಧೆಯಲ್ಲಿ ಆ ಜೀನ್‌ಗಳನ್ನು ಎಚ್ಚರಿಸಲು ನೆರವಾಗುತ್ತವೆಂದು 2015ರ ಸಂಶೋಧನೆ ತೋರಿಸಿದೆ. ಈ ಸಿದ್ಧತೆಗೂ ಒಂದು ಮಿತಿಯಿದೆ. ಹೂ ಬಿಡುವ ಹೊತ್ತಿಗೇ ಬರ ಬಿದ್ದರೆ ತೆನೆಯ ಕೂದಲು ಹೊರಬರುವುದು ತಡವಾಗುತ್ತದೆ. ಅಷ್ಟರಲ್ಲಿ ಸೂಲಂಗಿಯ ಪರಾಗ ಉದುರಿಹೋಗಿರುತ್ತದೆ, ಕಾಳು ಕಟ್ಟುವುದಿಲ್ಲ. ಬರ ತಡೆಯುವ ತಳಿ ಹುಡುಕುವ ವಿಜ್ಞಾನಿಗಳು ಸೂಲಂಗಿಗೂ ಕೂದಲಿಗೂ ನಡುವಿನ ಈ ಅಂತರವನ್ನೇ ದಿನ ಎಣಿಸಿ ಅಳೆಯುತ್ತಾರೆ.