ರಬ್ಬರ್ ಹಾಸಿದ ಮೇಲೆ ನಡುಕ ಹೆಚ್ಚಿತೇಕೆ?

ಓದುಗರೊಬ್ಬರ ಮನೆಯ ಕೆಳಗೆ ಹೋಟೆಲ್ಲು. ಅಲ್ಲಿ ಹೊಗೆ ಎಳೆಯುವ ಬ್ಲೋವರ್ ಶುರುವಾದರೆ ಇವರ ಅಡುಗೆಮನೆಯ ಸ್ಟೀಲ್ ಲೋಟಗಳೆಲ್ಲ ಗಲಗಲ. ಜಗಳವಾಡಿದ ಮೇಲೆ ಹೋಟೆಲಿನವರು ಬ್ಲೋವರ್ ಅಡಿಗೆ ರಬ್ಬರ್ ಶೀಟು ಹಾಸಿದರು. ಗಲಗಲ ಇನ್ನೂ ಜೋರಾಯಿತು! ‘ರಬ್ಬರ್ ನಡುಕ ಹೀರಬೇಕಲ್ಲವೇ?’ ಎಂಬುದು ಅವರ ಪ್ರಶ್ನೆ.

‘ಹೀರುವುದು’ ಎಂಬ ಮಾತೇ ದಾರಿ ತಪ್ಪಿಸುತ್ತದೆ. ರಬ್ಬರ್ ಬ್ಯಾಂಡಿಗೊಂದು ಬೀಗ ಕಟ್ಟಿ ಇಳಿಬಿಟ್ಟು, ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಬೀಗ ಕೈಯ ಜೊತೆಗೇ ಬರುತ್ತದೆ. ವೇಗ ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಕೈ ಎರಡು ಬೆರಳಗಲ ಆಡಿದರೂ ಬೀಗ ಗೇಣುದ್ದ ಕುಣಿಯುತ್ತದೆ. ಅದೇ ಅದರ ಸಹಜ ಕಂಪನಾಂಕ. ಇನ್ನೂ ಬೇಗ ಬೇಗ ನಡುಗಿಸಿ: ಬೀಗ ಹೆಚ್ಚುಕಡಿಮೆ ನಿಂತೇಬಿಡುತ್ತದೆ! ಕೈಯ ಹಿಂದೆ ಓಡಲು ಅದಕ್ಕೆ ಪುರುಸೊತ್ತಿಲ್ಲ. ಯಂತ್ರದಿಂದ ನೆಲವನ್ನು ಕಾಪಾಡುವುದೂ ಈ ಮೂರನೇ ಸ್ಥಿತಿಯೇ. ಯಂತ್ರದ ನಡುಕ ಸಹಜ ಕಂಪನಾಂಕದ 1.4 ಪಟ್ಟು ದಾಟಿದ ಮೇಲಷ್ಟೇ ಲಾಭ ಶುರು.

ಈಗ ಬ್ಲೋವರ್. ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24. ಅದರ ಭಾರಕ್ಕೆ ಶೀಟು ಅರ್ಧ ಮಿಲಿಮೀಟರ್ ತಗ್ಗಿದ್ದರೆ ಸಹಜ ಕಂಪನಾಂಕ ಸುಮಾರು 22. ಕುಣಿಯುವ ಬೀಗ! ಅದೇ 10 ಮಿಲಿಮೀಟರ್ ತಗ್ಗುವ ಉಕ್ಕಿನ ಸ್ಪ್ರಿಂಗ್ ಕೊಟ್ಟರೆ ಕಂಪನಾಂಕ 5ಕ್ಕಿಳಿಯುತ್ತದೆ. ನೆಲಕ್ಕೆ ದಾಟುವ ಬಲ ಇಪ್ಪತ್ತರಲ್ಲೊಂದು ಪಾಲೂ ಉಳಿಯದು. ಅಂಗಡಿಯವರು ‘ಆಂಟಿ ವೈಬ್ರೇಶನ್’ ಎಂದು ಯಾವ ಪ್ಯಾಡು ತೋರಿಸಿದರೂ, ಇಷ್ಟು ಭಾರಕ್ಕೆ ಎಷ್ಟು ತಗ್ಗುತ್ತದೆ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಅದು ಬರೀ ರಬ್ಬರ್.

ಸ್ಪ್ರಿಂಗಿಗೂ ಒಂದು ಪೀಡೆಯಿದೆ. ಶುರುವಾಗುವಾಗ, ನಿಲ್ಲುವಾಗ ಯಂತ್ರ ಆ 5ನ್ನು ದಾಟಲೇಬೇಕು. ಬಟ್ಟೆ ಹಿಂಡಿ ನಿಲ್ಲುವ ಮೊದಲು ವಾಷಿಂಗ್ ಮೆಷಿನ್ ದಡಬಡ ಎನ್ನುವುದು ಆ ಗಳಿಗೆಯಲ್ಲೇ. ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ 1880ರ ದಶಕದಲ್ಲೇ ಇದನ್ನು ಪಳಗಿಸಿದ. ನಿಮಿಷಕ್ಕೆ 30,000 ಸುತ್ತಿನ ಉಗಿ ಟರ್ಬೈನಿಗೆ ದಪ್ಪ ಅಚ್ಚು ಹಾಕದೆ, ಬಳುಕುವಷ್ಟು ಸಣ್ಣ ಅಚ್ಚು ಹಾಕಿದ. ಅಪಾಯದ ವೇಗವನ್ನು ಸರಕ್ಕನೆ ದಾಟಿದರೆ ಚಕ್ರ ತನ್ನ ತೂಕದ ನಡುವನ್ನು ತಾನೇ ಹುಡುಕಿಕೊಂಡು ಸದ್ದಿಲ್ಲದೆ ತಿರುಗುತ್ತದೆ. ಎಂಥ ಧೈರ್ಯ!

ಅಂದಹಾಗೆ, ಹೋಟೆಲಿನವರು ಸ್ಪ್ರಿಂಗ್ ಕೊಳ್ಳುವ ಮೊದಲು ಬ್ಲೋವರ್ ಬಿಚ್ಚಿಸಿ ನೋಡಲಿ. ರೆಕ್ಕೆಗಳಿಗೆ ಅಂಟಿದ ಎಣ್ಣೆಜಿಡ್ಡು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ನಡುಕದ ಮೂಲ ಅಲ್ಲೇ ಇದೆ. ಹೊಗೆಯ ತಗಡಿನ ಕೊಳವೆಯನ್ನು ನೇರ ಬೋಲ್ಟ್ ಮಾಡಿದ್ದರೆ ನಡುವೆ ಗೇಣಗಲ ಕ್ಯಾನ್ವಾಸ್ ಪಟ್ಟಿ ಸೇರಿಸಲಿ. ಇಲ್ಲವಾದರೆ ಸ್ಪ್ರಿಂಗ್ ತಡೆದ ನಡುಕ ಕೊಳವೆ ಹಿಡಿದು ಮೇಲಿನ ಮನೆಗೆ ಹತ್ತುತ್ತದೆ.