ಲಿಂಕನ್ನನ ಪೂರ್ವಿಕರು

ಅಜ್ಜನ ಹೆಸರನ್ನು ನಾವೆಲ್ಲರೂ ಬಲ್ಲೆವು. ಮುತ್ತಜ್ಜನ ಹೆಸರು ಹೇಳಲು ಹಲವರು ತಡವರಿಸುತ್ತೇವೆ. ಅಮೆರಿಕದ ಅಧ್ಯಕ್ಷನಾಗಿದ್ದ ಅಬ್ರಹಾಂ ಲಿಂಕನ್ನನ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ.

ಅವನ ತಾತನ ಹೆಸರೂ ಅಬ್ರಹಾಂ ಲಿಂಕನ್. ಆತನು 1780ರ ದಶಕದ ಆರಂಭದಲ್ಲಿ ವರ್ಜೀನಿಯವನ್ನು ಬಿಟ್ಟು ಕೆಂಟಕಿಯ ಕಾಡಿಗೆ ಹೋಗಿ ನೆಲೆಸಿದ ಮೊದಲಿಗರಲ್ಲಿ ಒಬ್ಬನು. ಅದು ಮೂಲನಿವಾಸಿಗಳು ತಲೆತಲಾಂತರದಿಂದ ಬೇಟೆಯಾಡುತ್ತ ಬಂದಿದ್ದ ನೆಲ. ಅದಕ್ಕಾಗಿ ನಡೆದ ಕಾದಾಟದಲ್ಲಿ ಎರಡು ಕಡೆಯವರೂ ಮಡಿದರು. 1786ರಲ್ಲಿ ಹೊಲದಲ್ಲಿ ದುಡಿಯುತ್ತಿದ್ದ ತಾತನೂ ಹತನಾದನು. ಎಳೆಯ ಮಗ ಥಾಮಸನು ತಂದೆಯಿಲ್ಲದೆ, ಓದುಬರಹವಿಲ್ಲದೆ ಬೆಳೆದನು. ಹೀಗಾಗಿ ಹಿಂದಿನವರ ಕಥೆಯನ್ನು ಅಧ್ಯಕ್ಷ ಲಿಂಕನ್ನನಿಗೆ ಹೇಳುವವರೇ ಇಲ್ಲವಾದರು. ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಲಿಂಕನ್ ಎಂಬ ಹಳೆಯ ಮನೆತನವೊಂದಿತ್ತು. ಮೊರ್ಡೆಕೈ, ಅಬ್ರಹಾಂ ಮೊದಲಾದ ಹೆಸರುಗಳು ಅಲ್ಲಿಯೂ ಇದ್ದವು. ಆದರೆ ಹೆಸರಿನ ಹೋಲಿಕೆಯೊಂದೇ ರಕ್ತಸಂಬಂಧಕ್ಕೆ ಸಾಕ್ಷಿಯಾದೀತೆ?

ಆ ಸಾಕ್ಷಿಯನ್ನು ಮುಂದೆ ಸಂಶೋಧಕರು ಹಳೆಯ ಕಾಗದಪತ್ರಗಳಲ್ಲಿ ಕಂಡರು. ಜಮೀನು ಮಾರಿದವನು ಕ್ರಯಪತ್ರದಲ್ಲಿ ತನ್ನ ಊರನ್ನು ತಿಳಿಸುತ್ತಾನೆ. ಉಯಿಲು ಬರೆದವನು ಮಕ್ಕಳನ್ನು ಹೆಸರಿಸುತ್ತಾನೆ. ಇಂಥ ಪತ್ರಗಳ ಜಾಡನ್ನು ಹಿಡಿದು ಅವರು ಕೆಂಟಕಿಯಿಂದ ವರ್ಜೀನಿಯಕ್ಕೆ, ಅಲ್ಲಿಂದ ಪೆನ್ಸಿಲ್ವೇನಿಯಕ್ಕೆ, ಕೊನೆಗೆ ನ್ಯೂ ಇಂಗ್ಲೆಂಡಿನ ಮಸಾಚುಸೆಟ್ಸ್‌ಗೆ ಹಿಂದುಹಿಂದಾಗಿ ಸಾಗಿದರು. 1637ರಲ್ಲಿ ಇಂಗ್ಲೆಂಡಿನಿಂದ ಹಡಗೇರಿ ಬಂದ ಸ್ಯಾಮ್ಯುಯೆಲ್ ಲಿಂಕನ್ ಎಂಬ ನೇಕಾರನೇ ಈ ಮನೆತನದ ಮೂಲಪುರುಷನೆಂದು ಸಿದ್ಧವಾಯಿತು.

ಇನ್ನೊಂದು ಸಂಗತಿ ಇದಕ್ಕಿಂತ ನೋವಿನದು. ಲಿಂಕನ್ನನ ತಾಯಿ ನ್ಯಾನ್ಸಿ ಹ್ಯಾಂಕ್ಸ್ ಅವನ ಒಂಬತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಆಕೆಗೂ ಥಾಮಸನಿಗೂ ವಿಧಿವತ್ತಾಗಿ ಮದುವೆಯೇ ಆಗಿರಲಿಲ್ಲವೆಂಬ ಅಪವಾದ ಮುಂದೆ ಹಬ್ಬಿತು. ಮಗನು ಹುಟ್ಟಿದ್ದು ಕೆಂಟಕಿಯ ಹಾರ್ಡಿನ್ ಕೌಂಟಿಯಲ್ಲಿ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ ವಿಭಾಗ. ಅಲ್ಲಿಯ ಕಡತಗಳಲ್ಲಿ ಥಾಮಸನ ಎರಡನೆಯ ಮದುವೆಯ ದಾಖಲೆಯಿತ್ತು, ಮೊದಲನೆಯದರ ಸುಳಿವಿರಲಿಲ್ಲ. ಅಪವಾದಕ್ಕೆ ಇನ್ನಷ್ಟು ಬಲ ಬಂದಿತು.

1878ರಲ್ಲಿ ಅದೇ ಕೆಂಟಕಿಯ ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ ಹಳೆಯ ಪತ್ರಗಳು ದೊರೆತವು. ಒಂದು, ಥಾಮಸನು 1806ರ ಜೂನ್ 10ರಂದು ಬರೆದುಕೊಟ್ಟಿದ್ದ ವಿವಾಹದ ಒಪ್ಪಂದಪತ್ರ. ಇನ್ನೊಂದು, ಜೂನ್ 12ರಂದು ಮದುವೆ ನೆರವೇರಿಸಿದ ಪಾದ್ರಿಯು ಕಚೇರಿಗೆ ಒಪ್ಪಿಸಿದ್ದ ಪಟ್ಟಿ. ಎಪ್ಪತ್ತೆರಡು ವರ್ಷಗಳ ಕಾಲ ಸತ್ಯವು ಅಲ್ಲಿಯೇ ಇತ್ತು. ಹುಡುಕಿದವರು ಬೇರೆ ಬಾಗಿಲನ್ನು ತಟ್ಟಿದ್ದರು, ಅಷ್ಟೆ. ತಾಯಿಯ ಮೇಲಿನ ಕಳಂಕ ತೊಡೆದುಹೋಯಿತು. ಆದರೆ ಅದನ್ನು ಕಾಣಲು ಮಗನು ಉಳಿದಿರಲಿಲ್ಲ. ಅವನು 1865ರಲ್ಲಿಯೇ ಕೊಲೆಗಾರನ ಗುಂಡಿಗೆ ಬಲಿಯಾಗಿದ್ದನು.

ದಾಖಲೆ ಸಿಗಲಿಲ್ಲವೆಂದ ಮಾತ್ರಕ್ಕೆ ಸಂಗತಿ ನಡೆಯಲೇ ಇಲ್ಲವೆನ್ನಲಾಗದು. ಗಾಳಿಮಾತು ಒಂದು ದಿನದಲ್ಲಿ ಊರು ಸುತ್ತುತ್ತದೆ. ಅದನ್ನು ಅಳಿಸಲು ಯಾರೋ ಜೋಪಾನವಾಗಿ ಕಾಯ್ದಿರಿಸಿದ ಹಳೆಯ ಕಾಗದವೊಂದು ಬೇಕಾಗುತ್ತದೆ.